ಬೆಳಗಿಟ್ಟ ಪಾವು

ನಾನು ಒಂದು ಹಿತ್ತಾಳೆಯ ಪಾವು. ಸೇರಿನ ಕಾಲು ಭಾಗ ಹಿಡಿಸುವ ಅಳತೆಪಾತ್ರೆ. ಚೆಂಬನ್ನು ಕೈಗೆತ್ತಿಕೊಂಡವರು ಅದರ ಹೊಳಪು ನೋಡುತ್ತಾರೆ. ದೀಪವನ್ನು ಎತ್ತಿಕೊಂಡವರು ಬತ್ತಿ ನೋಡುತ್ತಾರೆ. ನನ್ನನ್ನು ಎತ್ತಿಕೊಂಡವರು ಒಳಗೆ ಇಣುಕುತ್ತಾರೆ. ಹಾಗೆ ಇಣುಕಿಸಿಕೊಂಡೇ ಬದುಕಿದ ನನಗೂ ಯಾರ ಮೇಲೂ ಪೂರ್ತಿ ನಂಬಿಕೆ ಬರಲಿಲ್ಲ.

ಹುಟ್ಟಿದ್ದು ನಾಗಮಂಗಲದಲ್ಲಿ, ನಂಜುಂಡಾಚಾರಿಯ ಕುಲುಮೆಯಲ್ಲಿ. ಒಡೆದ ಗಂಟೆ, ತೂತು ಬಿದ್ದ ಬಿಂದಿಗೆ, ಕಾಲು ಮುರಿದ ದೀಪದ ಕಂಬ ಎಲ್ಲವೂ ಕರಗಿ ಮಣ್ಣಿನ ಅಚ್ಚಿನೊಳಗೆ ಇಳಿದು ನಾನಾದೆ. ಆಚಾರಿ ನನ್ನ ಕಂಠವನ್ನು ಅರದಿಂದ ಉಜ್ಜಿ, ಮೈಗೆ ಉಬ್ಬುಗೆರೆ ಬರಿಸಿ, ರಾಗಿ ತುಂಬಿ ನೋಡಿದ. ಅದೇ ರಾಗಿಯನ್ನು ಇನ್ನೊಂದು ಪಾವಿಗೆ ಸುರಿದ. ಸರಿಹೋಯಿತು. ಆ ಇನ್ನೊಂದರ ಮೇಲೆ ಸಂಶಯ ಬಂದು ಮತ್ತೊಂದಕ್ಕೆ ಸುರಿದ. ಕೊನೆಗೆ ತಾಲ್ಲೂಕು ಕಚೇರಿಯಲ್ಲಿ ನನ್ನ ಕಂಠದ ಮೇಲೆ ಸರ್ಕಾರದ ಮುದ್ರೆ ಬಿತ್ತು.

"ಇನ್ ಯಾರೂ ನಿನ್ನ ಪ್ರಶ್ನೆ ಮಾಡಂಗಿಲ್ಲ" ಎಂದ ಆಚಾರಿ. ಅವನು ಎಂದೂ ಅಂಗಡಿಯಲ್ಲಿ ಕೂತವನಲ್ಲ.

ನನ್ನನ್ನು ಕೊಂಡವನು ಮಳವಳ್ಳಿಯ ಗುರುಸಿದ್ದಪ್ಪ. ಅಕ್ಕಿ, ರಾಗಿ, ಹುರುಳಿ ಮಾರುವ ಅಂಗಡಿ ಅವನದು. ಮೊದಲ ಕೆಲವು ತಿಂಗಳು ನಾನು ಹೇಗಿದ್ದೆನೋ ಹಾಗೇ ಇದ್ದೆ. ಆಮೇಲೆ ಒಂದು ಮಧ್ಯಾಹ್ನ ಅಂಗಡಿಯ ಬಾಗಿಲು ಓರೆ ಮಾಡಿಕೊಂಡು, ಕಾಯಿಸಿದ ಅರಗನ್ನು ನನ್ನ ತಳಕ್ಕೆ ಹುಯ್ದ. ಅರಗಿನ ಮೇಲೆ ಹಿತ್ತಾಳೆಯ ಪುಡಿ ಉದುರಿಸಿ ಹೆಬ್ಬೆರಳಿನಿಂದ ಒತ್ತಿದ. ಬಿಸಿ ಆರಿದ ಮೇಲೆ ನನ್ನ ತಳ ಮೇಲೆ ಬಂದಿತ್ತು. ಕಂಠ ಅದೇ, ಮುದ್ರೆ ಅದೇ.

ಕೊಳ್ಳಲು ಬಂದವರಿಗೆ ಏನೋ ಹೆಚ್ಚುಕಡಿಮೆ ಅನ್ನಿಸುತ್ತಿತ್ತು. ಏನೆಂದು ಹೇಳಲು ಬರುತ್ತಿರಲಿಲ್ಲ.

"ಯಾಕ್ ಗುರುಸಿದ್ದಣ್ಣ, ನಿನ್ ಪಾವ್‌ಗೆ ಹೊಟ್ಟೆ ಕಮ್ಮಿ ಆಗದಾ?" ಎಂದು ಒಬ್ಬಾಕೆ ಕೇಳಿದಳು.

"ನಿಮ್ಮನೇಲಿ ಉಣ್ಣೋರು ಜಾಸ್ತಿ ಆಗವ್ರೆ ಕಣವ್ವ. ಅದ್ಕೆ ಪಾವ್ ಏನ್ ಮಾಡಾತು?"

ಸುತ್ತ ನಿಂತವರು ನಕ್ಕರು. ಆಕೆಯೂ ನಕ್ಕಳು. ಗುರುಸಿದ್ದಪ್ಪ ಒಂದು ಹಿಡಿ ಕೊಸರು ಹಾಕಿದ. ಆಕೆ ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು ಹೋಗುವಾಗ ತಿರುಗಿ ಒಮ್ಮೆ ನೋಡಿದಳು. ಗುರುಸಿದ್ದಪ್ಪನನ್ನಲ್ಲ, ನನ್ನನ್ನು.

ಕೆಜಿ ಲೆಕ್ಕ ಬಂದು ತಕ್ಕಡಿ ಅಂಗಡಿಗೆ ಕಾಲಿಟ್ಟಿತು. ನಾನು ಮನೆಯೊಳಗೆ ಅಕ್ಕಿಯ ಡಬ್ಬಕ್ಕೆ ಬಿದ್ದೆ. ಅಕ್ಕಿ ಅಳೆಯುವ ಪಾವನ್ನು ಯಾರೂ ತೊಳೆಯುವುದಿಲ್ಲ. ತೇವ ಸೋಕಿದರೆ ಅಕ್ಕಿಗೆ ಹುಳ ಬೀಳುತ್ತದೆ. ಹೀಗಾಗಿ ಅರಗು ಅಲ್ಲಿಯೂ ಉಳಿಯಿತು. ಸೊಸೆ ಅಳೆದು ಹಾಕಿದ ಅನ್ನ ಎಲ್ಲರಿಗೂ ಸಾಲದೆ ಬರುತ್ತಿತ್ತು. ಅವಳು ಅಕ್ಕಿಯನ್ನು ತವರಿಗೆ ಸಾಗಿಸುತ್ತಾಳೆಂದು ಅತ್ತೆ ನಂಬಿದಳು. ಸೊಸೆ ಆಣೆ ಮಾಡಿದಳು, ಅತ್ತಳು, ಆಮೇಲೆ ಅಳುವುದನ್ನೂ ಬಿಟ್ಟಳು. ತನ್ನ ಪಾಲಿನದನ್ನು ಬಿಟ್ಟು ಏಳತೊಡಗಿದಳು. ಗೊತ್ತಿದ್ದ ಗುರುಸಿದ್ದಪ್ಪ ತನ್ನ ಮೋಸ ಹೊರಬೀಳುತ್ತದೆಂದು ಬಾಯಿಬಿಡಲಿಲ್ಲ. ಉಳಿದವರು ಯಾರೂ ನನ್ನೊಳಗೆ ಬೆರಳಿಟ್ಟು ನೋಡಲಿಲ್ಲ. ಮನುಷ್ಯರನ್ನು ಅನುಮಾನಿಸುವುದು ಅವರಿಗೆ ಸುಲಭವಾಗಿತ್ತು.

ಮುಂದಿನ ತಲೆಮಾರಿನವರು ನನ್ನನ್ನು ಬೀದಿಯಲ್ಲಿ ಕೂಗುತ್ತಾ ಬಂದವನಿಗೆ ಕೊಟ್ಟು ಸ್ಟೀಲಿನ ಡಬ್ಬಿ ತೆಗೆದುಕೊಂಡರು. ಅಲ್ಲಿಂದ ಮೈಸೂರಿನ ಒಂದು ಹಳೇ ಸಾಮಾನಿನ ಅಂಗಡಿ. ಅಲ್ಲಿ ನನ್ನನ್ನು ಬೆಳಗಲಿಲ್ಲ. ಕಪ್ಪಾಗಿದ್ದಷ್ಟೂ ಗಿರಾಕಿಗೆ ಹಳೆಯದೆಂದು ಹೇಳಬಹುದು.

ಅಲ್ಲಿಗೆ ಬಂದವರು ಮಂದಾಕಿನಿ. ಹತ್ತಿಯ ಸೀರೆ, ಹೆಗಲಿಗೆ ಬಟ್ಟೆಯ ಚೀಲ. ನನ್ನನ್ನು ಎತ್ತಿ ತಿರುಗಿಸಿ ಮುದ್ರೆ ಹುಡುಕಿದರು.

"ಅರಮನೆ ಮಾಲು ಮೇಡಂ" ಎಂದ ಅಂಗಡಿಯವನು.

"ಮೈಸೂರಲ್ಲಿ ಯಾವ್ದಪ್ಪ ಅರಮನೇದಲ್ಲ? ನಮ್ಮನೆ ಒರಳುಕಲ್ಲನ್ನೂ ಹಾಗೇ ಅಂತ ಮಾರಬಹುದು."

ನಕ್ಕರೂ ಕೊಂಡರು. ಚೀಲದೊಳಗೆ ಸೇರುವಾಗ ಇವರೂ ನನ್ನಲ್ಲಿ ಏನೋ ಅಳೆಯಲಿದ್ದಾರೆ ಅನ್ನಿಸಿತು.

ಅವರು ಊರ ಹೊರಗಿನ ಒಂದು ಅಂತರರಾಷ್ಟ್ರೀಯ ಶಾಲೆಯಲ್ಲಿ ಇತಿಹಾಸದ ಶಿಕ್ಷಕಿ. ಅಲ್ಲಿನ ಮಕ್ಕಳು ಹಲವು ದೇಶದವರು. ಪಾಠ, ಜಗಳ, ತಮಾಷೆ ಎಲ್ಲ ಇಂಗ್ಲಿಷಿನಲ್ಲಿ. ನನಗೆ ಅದರಿಂದ ತೊಡಕಾಗಲಿಲ್ಲ. ಖಾಲಿ ಪಾತ್ರೆಗೆ ಯಾವ ಭಾಷೆಯಾದರೂ ಸದ್ದು ಒಂದೇ ತರ ತುಂಬುತ್ತದೆ. ಮಂದಾಕಿನಿ ಮೊದಲು ಮಂಡ್ಯದ ಕಾಲೇಜಿನಲ್ಲಿ ಗಂಟೆಗಟ್ಟಲೆ ನಿಂತು ಪಾಠ ಹೇಳಿದವರು. ಇಲ್ಲಿ ಅದು ನಡೆಯಲಿಲ್ಲ. ಇತಿಹಾಸ, ಭೂಗೋಳ, ಪೌರನೀತಿ ಇವಿಷ್ಟರ ಮುಖ್ಯಸ್ಥರು ಮಂಗಳೂರು ಕಡೆಯ ಲೋಬೋ ಸರ್. ಅವರು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಹೊರಗೆ ಬಂದು ಹೇಳಿದ್ದರಂತೆ: "ನೀವು ಒಳ್ಳೆ ಮಾತಾಡ್ತೀರಿ ಮಾರಾಯ್ರೆ. ಅದೇ ತೊಂದರೆ. ಮಾತಾಡ್ಬೇಕಾದ್ದು ಮಕ್ಕಳು."

ಅದಕ್ಕೇ ನಾನು ಬಂದದ್ದು.

ಹತ್ತನೆಯ ತರಗತಿಯ ನಡುಮೇಜಿನ ಮೇಲೆ ನನ್ನನ್ನು ಇಟ್ಟು ಮಂದಾಕಿನಿ ದೂರ ಹೋಗಿ ನಿಂತರು. ನನ್ನ ಹೆಸರು ಹೇಳಲಿಲ್ಲ. ಕಂಡದ್ದನ್ನು ಮೊದಲು ಹೇಳಿ, ಅನ್ನಿಸಿದ್ದನ್ನು ಆಮೇಲೆ ಹೇಳಿ ಎಂದಷ್ಟೇ ಹೇಳಿದರು. ಪಕ್ಕದವರೊಡನೆ ಮೊದಲು ಪಿಸುಮಾತಿನಲ್ಲಿ ಮಾತಾಡಿಕೊಳ್ಳಲಿ, ಬೇಕಾದರೆ ತಮ್ಮ ತಮ್ಮ ಭಾಷೆಯಲ್ಲೇ ಆಡಲಿ. ಆಮೇಲೆ ಎಲ್ಲರೆದುರು. ಆಗ ಇಂಗ್ಲಿಷ್ ಸರಾಗವಾಗಿ ಬಾರದವರೂ ಬಾಯಿ ತೆರೆಯುತ್ತಿದ್ದರು. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವವರೆಗೆ ಅವರು ಸುಮ್ಮನೆ ಕಾಯುತ್ತಿದ್ದರು. ಕಾಯುವುದು ಅವರಿಗೆ ಎಷ್ಟು ಕಷ್ಟವೆಂದು ಸೆರಗನ್ನು ಹಿಂಡುವ ಬೆರಳುಗಳಿಂದ ನನಗೆ ತಿಳಿಯುತ್ತಿತ್ತು.

"ಬಿಯರ್ ಕುಡಿಯುವ ಲೋಟ" ಎಂದ ಜರ್ಮನಿಯ ಲೂಕಾಸ್.

"ಹಿಡಿ ಎಲ್ಲಿದೆ? ನಿಮ್ಮಜ್ಜ ಎರಡೂ ಕೈಯಲ್ಲಿ ಹಿಡಿದು ಕುಡೀತಾರಾ?" ಎಂದಳು ಒಬ್ಬಳು.

"ನಮ್ಮಜ್ಜ ಎರಡು ಕೈಗೂ ಒಂದೊಂದು ಹಿಡೀತಾರೆ."

ತರಗತಿ ನಗೆಯಲ್ಲಿ ಮುಳುಗಿತು. ಮಂದಾಕಿನಿ ತಪ್ಪೆನ್ನಲಿಲ್ಲ. "ಲೋಟ ಅನ್ನೋದಕ್ಕೆ ಏನು ಆಧಾರ?" ಎಂದರು. ಆ ಮಾತನ್ನು ಅವರು ಎಲ್ಲರಿಗೂ ಹೇಳುತ್ತಿದ್ದರು. ಏನು ಆಧಾರ? ಯಾರು ಹೇಳಿದ್ದು? ಅವರಿಗೆ ಅದರಿಂದ ಏನು ಲಾಭ? ಮಕ್ಕಳು ಒಬ್ಬರನ್ನೊಬ್ಬರು ಅದೇ ಪ್ರಶ್ನೆಗಳಿಂದ ಚುಚ್ಚತೊಡಗಿದರು. ನನಗೆ ಆ ಕೋಣೆ ಗುರುಸಿದ್ದಪ್ಪನ ಅಂಗಡಿಯಂತೆಯೇ ಕಂಡಿತು. ಇಲ್ಲಿ ಯಾರೂ ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು ಹೋಗುತ್ತಿರಲಿಲ್ಲ, ಅಷ್ಟೆ.

ಎಲ್ಲರೂ ಇಣುಕಿ ಆದ ಮೇಲೆ ನೀಮಾ ಬಂದಳು. ತಾಂಜಾನಿಯಾದವಳು. ಅವಳ ಅಪ್ಪ ಮೈಸೂರಿನ ಒಂದು ಸಂಶೋಧನಾಲಯದಲ್ಲಿ ಕೆಲಸಕ್ಕಿದ್ದರು. ಮಾತು ಕಡಿಮೆಯ ಹುಡುಗಿ. ಅವಳು ಕಣ್ಣಿನಿಂದ ನೋಡಲಿಲ್ಲ. ಕೈ ಒಳಗಿಟ್ಟು ಉಗುರಿನಿಂದ ತಳವನ್ನು ಒತ್ತಿದಳು. ಪೆನ್ಸಿಲಿನಿಂದ ಮೈಗೆ ತಟ್ಟಿದಳು, ತಳಕ್ಕೆ ತಟ್ಟಿದಳು. ಮೈ ಟಣ್ ಎಂದಿತು. ತಳ ಟಪ್ ಎಂದಿತು.

ಇಷ್ಟು ವರ್ಷದಲ್ಲಿ ನನ್ನನ್ನು ಹಾಗೆ ಮುಟ್ಟಿದವಳು ಅವಳೊಬ್ಬಳೇ. ನನಗೆ ಭಯವಾಯಿತು.

"ನಮ್ಮಜ್ಜಿ ನಮ್ಮೂರು ಮೋಶಿಯ ಸಂತೆಯಲ್ಲಿ ಬೀನ್ಸ್ ಕೊಳ್ಳುವಾಗ ಹೀಗೇ ಮಾಡೋದು" ಎಂದಳು ಪಕ್ಕದವಳಿಗೆ, ಮೆಲ್ಲಗೆ. "ಮಾರೋರು ಅಳತೆ ಡಬ್ಬದ ತಳ ಮೇಲಕ್ಕೆ ತಟ್ಟಿರ್ತಾರೆ."

ಆ ವರ್ಷ ಪ್ರತಿಯೊಬ್ಬರೂ ಒಂದು ಹಳೆಯ ವಸ್ತುವಿನ ಮೇಲೆ ದೀರ್ಘ ಪ್ರಬಂಧ ಬರೆಯಬೇಕಿತ್ತು. ವರ್ಷದ ಅಂಕದಲ್ಲಿ ದೊಡ್ಡ ಪಾಲು ಅದರದು. ನೀಮಾ ನನ್ನನ್ನು ಆರಿಸಿಕೊಂಡಳು. ವಸ್ತುವಿಗೆ ಗಾಯ ಮಾಡುವಂತಿಲ್ಲ ಎಂದು ಶಾಲೆಯ ನಿಯಮ. ಹಾಗಾಗಿ ಅವಳು ಕೆರೆಯಲಿಲ್ಲ. ಹೊರಗಿನ ಎತ್ತರ ಅಳೆದಳು, ಒಳಗಿನ ಆಳ ಅಳೆದಳು. ಎರಡೂ ಹೊಂದಲಿಲ್ಲ. ಫೋಟೋ ತೆಗೆದಳು. ನನ್ನೊಳಗೆ ಕತ್ತಲು ಬಿಟ್ಟು ಬೇರೇನೂ ಬೀಳಲಿಲ್ಲ. ತಳದಲ್ಲಿ ಲೋಹವಲ್ಲದ ಒಂದು ಪದರವಿದೆ, ಇದು ಮೋಸದ ಅಳತೆ, ಸರ್ಕಾರದ ಮುದ್ರೆ ಅದನ್ನು ತಡೆಯಲಿಲ್ಲ ಎಂದು ಬರೆದಳು. ಮಂದಾಕಿನಿ ಕರಡು ಓದಿ, "ತುಂಬ ದೊಡ್ಡ ಮಾತು. ನಾನೂ ಒಮ್ಮೆ ನೋಡ್ತೀನಿ" ಎಂದರು. ನೋಡಲು ಬಿಡುವಾಗಲಿಲ್ಲ. ಶಾಲೆಗೆ ಮಾನ್ಯತೆ ನೀಡುವ ತಂಡ ಹೊರದೇಶದಿಂದ ಬರುವುದಿತ್ತು. ಎಲ್ಲರೂ ಗೋಡೆಗೆ ಚಿತ್ರ ಅಂಟಿಸುವುದರಲ್ಲಿದ್ದರು.

ಆ ಗಡಿಬಿಡಿಯಲ್ಲಿ ನನ್ನ ಗತಿ ಬದಲಾಯಿತು.

ನೆಲ ಒರೆಸಿ, ಟೀ ಮಾಡಿ, ಪಾತ್ರೆ ತೊಳೆಯುತ್ತಿದ್ದವರು ಸಣ್ಣಮ್ಮ. ನೆಂಟರು ಬರುತ್ತಾರೆಂದರೆ ಮನೆಯ ಹಿತ್ತಾಳೆ, ತಾಮ್ರವನ್ನೆಲ್ಲ ಹೊರಗೆ ತೆಗೆದು ಬೆಳಗುವುದು ನಮ್ಮ ಕಡೆಯ ರೂಢಿ. ಶಾಲೆಗೆ ನೆಂಟರು ಬರುತ್ತಿದ್ದರು. ಕಣ್ಣಿಗೆ ಬೀಳುವುದೆಲ್ಲ ಫಳಫಳ ಅನ್ನಬೇಕೆಂದು ಕಚೇರಿಯಿಂದ ಹೇಳಿದ್ದರು. ಸಣ್ಣಮ್ಮ ಬಾಗಿಲ ಗಂಟೆ ಬೆಳಗಿದರು, ದೀಪ ಬೆಳಗಿದರು, ಕಪಾಟಿನಲ್ಲಿ ಕಪ್ಪಗೆ ಕೂತಿದ್ದ ನನ್ನನ್ನೂ ಎತ್ತಿಕೊಂಡು ಹಿತ್ತಲ ನಲ್ಲಿಗೆ ಹೋದರು.

"ಥೂ, ಯಾವ್ ಕಾಲದ್ ಕೊಳೆನೋ. ಓದ್ಸೋರ್ ಮನೆ ಪಾವು ನೋಡು ಹೆಂಗದೆ" ಎಂದು ನನಗೇ ಬೈದರು.

ಹುಣಸೆಹಣ್ಣು, ಉಪ್ಪು, ಬೂದಿ, ತೆಂಗಿನ ನಾರು. ತಳದ್ದು ಬಿಡಲಿಲ್ಲ. ಕುದಿಯುವ ನೀರು ಹುಯ್ದರು. ಅರಗು ಮೆತ್ತಗಾಯಿತು. ಚಮಚೆಯ ಹಿಡಿಯಿಂದ ಎಬ್ಬಿ ಅದನ್ನು ಚರಂಡಿಗೆ ಎಸೆದರು.

ಗುರುಸಿದ್ದಪ್ಪನ ಹೆಬ್ಬೆರಳು ಒತ್ತಿದ್ದು ಹೋಯಿತು. ನಾನು ಮತ್ತೆ ಸರಿಯಾದ ಪಾವಾದೆ. ನಾನು ಸರಿಯಾದ ಗಳಿಗೆಯಿಂದ ನೀಮಾ ಸುಳ್ಳುಗಾತಿಯಾದಳು.

ತಂಡ ಬಂದು ಹೋಯಿತು. ಆಮೇಲೆ ಲೋಬೋ ಸರ್ ಪ್ರಬಂಧಗಳಲ್ಲಿ ಕೆಲವನ್ನು ವಸ್ತುಗಳ ಜತೆ ಹೋಲಿಸಿ ನೋಡುವಾಗ ನನ್ನ ಸರದಿ ಬಂತು. ಅವರು ಓದಿದರು, ನನ್ನೊಳಗೆ ಇಣುಕಿದರು, ಮತ್ತೆ ಓದಿದರು. ಪಟ್ಟಿ ಇಟ್ಟು ಅಳೆದರು. ಹೊರಗಿನ ಎತ್ತರಕ್ಕೂ ಒಳಗಿನ ಆಳಕ್ಕೂ ತಳದ ದಪ್ಪದಷ್ಟೇ ವ್ಯತ್ಯಾಸ. ಇರಬೇಕಾದದ್ದೂ ಅಷ್ಟೇ. ಮಂದಾಕಿನಿಯನ್ನು ಕರೆಸಿದರು.

"ಇಲ್ಲಿ ಪದರ ಎಲ್ಲಿ ಉಂಟು? ನೀವು ನೋಡಿದ್ದೀರಾ?"

ಮಂದಾಕಿನಿ ನನ್ನನ್ನು ಎತ್ತಿ ಬೆಳಕಿಗೆ ಹಿಡಿದರು. ಒಳಗೆಲ್ಲ ಹೊಳೆಯುತ್ತಿತ್ತು. ಬೆಳಗಿದ್ದಾರೆಂದು ಅವರಿಗೆ ಕೂಡಲೇ ತಿಳಿಯಿತು. ಬೆಳಗಿದರೆ ಹೊಳಪು ಬರುತ್ತದೆ, ಆಳ ಹೆಚ್ಚುವುದೆಲ್ಲಿ ಬಂತು ಎಂದೂ ಅನ್ನಿಸಿರಬೇಕು.

"ಇಲ್ಲ ಸರ್. ನಾನು ನೋಡಿಲ್ಲ."

ಅದು ನಿಜವೇ. ಆಡುವಾಗ ಆಕೆಯ ಮುಖ ಸಣ್ಣಗಾಯಿತು.

ಸಣ್ಣಮ್ಮನಿಗೆ ಕರೆ ಹೋಯಿತು. ಲೋಬೋ ಸರ್ ಕುರ್ಚಿಯಲ್ಲಿ, ಮಂದಾಕಿನಿ ಪಕ್ಕದ ಕುರ್ಚಿಯಲ್ಲಿ, ನಾನು ಮೇಜಿನ ಮೇಲೆ. ಸಣ್ಣಮ್ಮ ಬಾಗಿಲಿನ ಹತ್ತಿರ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನಿಂತರು.

"ಹೆದರ್ಬೇಡಿ ಅಮ್ಮ, ನಿಜ ಹೇಳಿ, ಆಯ್ತಾ? ಇದ್ರೊಳಗಿಂದ ಏನಾದ್ರೂ ತೆಗ್ದಿದ್ದೀರಾ?" ಎಂದರು ಲೋಬೋ ಸರ್.

ತೆಗ್ದಿದ್ದೀರಾ ಎಂಬ ಮಾತು ಕೇಳಿ ಸಣ್ಣಮ್ಮನ ಕಣ್ಣು ಬಾಗಿಲ ಕಡೆ ಹೋಯಿತು.

"ಇಲ್ಲ ಸಾರ್. ನಾನ್ಯಾಕ್ ತೆಗೀಲಿ?"

"ಒಳಗೆ ಏನಾದ್ರೂ ಅಂಟ್ಕೊಂಡಿತ್ತಾ ಸಣ್ಣಮ್ಮ?" ಎಂದರು ಮಂದಾಕಿನಿ. ತರಗತಿಯಲ್ಲಿ ಆಧಾರ ಕೇಳುವ ಅದೇ ದನಿ.

"ಏನೂ ಇರ್ನಿಲ್ಲ ಮಿಸ್ಸು. ಬಟ್ಟೇಲಿ ಒರ್ಸಿದ್ದೇ ಅಷ್ಟೆಯ. ನನ್ ಮಕ್ಕಳಾಣೆ."

ಹೋಗಿ ಎಂದ ಮೇಲೆ ಅವರು ಹೋದ ರಭಸಕ್ಕೆ ಬಾಗಿಲು ತಾನೇ ಮುಚ್ಚಿಕೊಂಡಿತು.

ಆಮೇಲೆ ನೀಮಾ ಬಂದು ಅದೇ ಜಾಗದಲ್ಲಿ ನಿಂತಳು. "ಇತ್ತು" ಎಂದಳು. ಯಾರಾದರೂ ನೋಡಿದ್ದಾರಾ ಎಂದು ಕೇಳಿದರು. ಅವಳು ಮಂದಾಕಿನಿಯ ಕಡೆ ನೋಡಿದಳು. ಮಂದಾಕಿನಿ ನನ್ನ ಕಡೆ ನೋಡಿದರು. ಇಲ್ಲದ ಸಾಕ್ಷ್ಯ ಕಟ್ಟಿದ್ದೆಂದು ಸಾಬೀತಾದರೆ ಪ್ರಬಂಧ ರದ್ದಾಗುತ್ತದೆ, ಇತಿಹಾಸದಲ್ಲಿ ಅಂಕವೇ ಇರುವುದಿಲ್ಲ ಎಂದು ಲೋಬೋ ಸರ್ ಸಾವಕಾಶವಾಗಿ ವಿವರಿಸಿ, ಆಧಾರ ತರಲು ಒಂದು ವಾರದ ಗಡುವು ಕೊಟ್ಟರು. ಅವರು ಕೆಟ್ಟವರಲ್ಲ. ಮೋಸ ಮಾಡುವ ಮಕ್ಕಳನ್ನು ಬಹಳ ಕಂಡವರು.

ಆ ವಾರದಲ್ಲಿ ನೀಮಾ ಅನುಮತಿ ಕೇಳಿ ನನ್ನನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಸಣ್ಣಮ್ಮ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ನೀಮಾ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಏನೂ ಕೇಳಲಿಲ್ಲ. ಸೊಪ್ಪಿನ ಒಂದು ಹಿಡಿ ತೆಗೆದುಕೊಂಡು ತಾನೂ ಬಿಡಿಸತೊಡಗಿದಳು.

"ಅಂಗಲ್ಲ ಮಗಾ, ದಂಟು ಬುಡು" ಎಂದರು ಸಣ್ಣಮ್ಮ.

ನೀಮಾಳಿಗೆ ಹರಕುಮುರುಕು ಕನ್ನಡ ಬರುತ್ತಿತ್ತು. ಊರಿನ ಅಜ್ಜಿಯ ಬಗ್ಗೆ ಹೇಳಿದಳು. ಅಜ್ಜಿಯೂ ಹೀಗೇ ಬೈಯುತ್ತಾಳೆಂದಳು. ಸೊಪ್ಪು ಮುಗಿಯುವ ಹೊತ್ತಿಗೆ ಸಣ್ಣಮ್ಮ ತಾವಾಗಿಯೇ ನನ್ನನ್ನು ಕೈಗೆ ತೆಗೆದುಕೊಂಡರು. ಸ್ವಲ್ಪ ಹೊತ್ತು ತಿರುಗಿಸಿದರು.

"ಇತ್ತು ಕಣ್ ಮಗಾ. ನಾನೇ ಬಿಸ್ನೀರ್ ಹಾಕಿ ತೆಗ್ದೆ. ಕೊಳೆ ಅಂದ್ಕಂಡೆ. ಅವ್ರು ಹಂಗ್ ಕೇಳುದ್ರೆ ಕದ್ದಿದೀಯಾ ಅಂದಂಗೆ ಆಗೋಯ್ತು."

ನೀಮಾ ಬಿಡಿಸಿದ ಸೊಪ್ಪನ್ನು ಒಂದೆಡೆ ಸೇರಿಸಿದಳು.

"ಹೇಳ್ಬ್ಯಾಡ ಮಗಾ. ಮಕ್ಕಳಾಣೆ ಬೇರೆ ಮಾಡ್ಬುಟ್ಟಿವ್ನಿ. ಸುಳ್ಳು ಹೇಳುದ್ಳು ಅಂತ ಕೆಲ್ಸ ತೆಗುದ್ಬುಡ್ತಾರೆ. ಈ ವಯಸ್ಸಲ್ಲಿ ಯಾರ್ ಕೊಟ್ಟಾರು?"

"ಹೇಳಲ್ಲ" ಎಂದಳು ನೀಮಾ.

ನಾನು ಅದನ್ನು ನಂಬಲಿಲ್ಲ. ಇಷ್ಟು ದೊಡ್ಡ ಆಧಾರ ಕೈಗೆ ಸಿಕ್ಕ ಮೇಲೆ ಸುಮ್ಮನಿರುವವರನ್ನು ನಾನು ಕಂಡಿರಲಿಲ್ಲ.

ಗಡುವಿನ ದಿನ ಅವಳು ಲೋಬೋ ಸರ್ ಎದುರು ನಿಂತು ಹೇಳಿದಳು: "ಪದರ ಇತ್ತು. ನೋಡಿದವರು ಒಬ್ಬರಿದ್ದಾರೆ. ಹೆಸರು ಹೇಳುವುದಿಲ್ಲ."

ಲೋಬೋ ಸರ್ ಕನ್ನಡಕ ತೆಗೆದು ಒರೆಸಿದರು. ಹೆಸರಿಲ್ಲದ ಸಾಕ್ಷಿಯನ್ನು ಯಾರು ಒಪ್ಪುತ್ತಾರೆ ಎಂದರು. ಆ ಭಾಗವನ್ನು ತೆಗೆದುಹಾಕಿದರೆ ಉಳಿದದ್ದನ್ನು ತೆಗೆದುಕೊಳ್ಳುತ್ತೇವೆ, ಮಾತು ಇಲ್ಲಿಗೇ ಮುಗಿಯಲಿ ಎಂದರು. ನೀಮಾ ತೆಗೆದುಹಾಕಿದಳು. ಉಳಿದದ್ದರಲ್ಲಿ ಹೆಚ್ಚೇನೂ ಇರಲಿಲ್ಲ. ನನ್ನ ಎತ್ತರ, ತೂಕ, ಮುದ್ರೆಯ ಆಕಾರ. ಅಂಕವೂ ಹಾಗೇ ಬಂತು.

ತೆಗೆದುಹಾಕಿದ್ದೇ ತಪ್ಪೊಪ್ಪಿಗೆ ಎಂದು ಎಲ್ಲರೂ ತಿಳಿದರು. ಮಂದಾಕಿನಿಯೂ ತಿಳಿದರು. ನೀಮಾಳ ಅಪ್ಪನಿಗೆ ಬೇರೆ ದೇಶದಲ್ಲಿ ಕೆಲಸವಾಗಿ, ಹೊಸ ಶಾಲೆಗೆ ಕಳಿಸುವ ವರದಿ ಬರೆಯುವಾಗ ಶ್ರದ್ಧೆಯ ಮುಂದೆ ಚೆನ್ನಾಗಿದೆ ಎಂದು ಬರೆದು, ಪ್ರಾಮಾಣಿಕತೆಯ ಮುಂದಿನ ಜಾಗವನ್ನು ಖಾಲಿ ಬಿಟ್ಟರು. ಖಾಲಿ ಜಾಗ ಎಷ್ಟು ಹೇಳುತ್ತದೆಂದು ಓದುವವರಿಗೆ ಗೊತ್ತು. ಹೊರಡುವ ದಿನ ನೀಮಾ ಎಲ್ಲರಿಗೂ ಹೇಳಿ ಹೋದಳು. ನಮ್ಮ ಕೋಣೆಗೆ ಬರಲಿಲ್ಲ.

ವರ್ಷಗಳು ಕಳೆದವು. ಮಂದಾಕಿನಿ ಹೆಸರು ಮಾಡಿದರು. ಬೇರೆ ಬೇರೆ ಅಂತರರಾಷ್ಟ್ರೀಯ ಶಾಲೆಗಳ ಹೊಸ ಶಿಕ್ಷಕರಿಗೆ ರಜೆಯಲ್ಲಿ ತರಬೇತಿ ಕೊಡತೊಡಗಿದರು. ಪ್ರತಿ ಸಲವೂ ನಾನು ಅವರ ಮುಂದಿನ ಮೇಜಿನ ಮೇಲೆ. ಅವರು ಹೇಳುತ್ತಿದ್ದುದು ಒಳ್ಳೆಯದನ್ನೇ. ವಸ್ತುವಿನ ಹೆಸರನ್ನು ಮೊದಲೇ ಹೇಳಬೇಡಿ. ಮೊದಲ ತಪ್ಪು ಉತ್ತರಕ್ಕೆ ನಗಬೇಡಿ, ಅದರಿಂದಲೇ ಪಾಠ ಶುರುವಾಗುತ್ತದೆ. ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಳ್ಳಿ. ದೂರದ ದೇಶದ ಮಗು ತನ್ನ ಅಡುಗೆಮನೆಯಿಂದ, ಸಂತೆಯಿಂದ ತಂದ ತಿಳಿವಳಿಕೆಗೆ ಜಾಗ ಕೊಡಿ. ಇಷ್ಟು ಹೇಳಿ, ಕೊನೆಗೆ ನನ್ನನ್ನು ಎತ್ತಿ ಒಳಭಾಗ ತೋರಿಸುತ್ತಿದ್ದರು.

"ನನ್ನ ಒಬ್ಬ ವಿದ್ಯಾರ್ಥಿನಿ ಇದರೊಳಗೆ ಪದರ ಇದೆ ಅಂತ ಬರೆದಳು. ನೀವೇ ನೋಡಿ. ಮಕ್ಕಳು ಜಾಣರಾದಷ್ಟೂ ಇಲ್ಲದ್ದನ್ನು ಕಾಣ್ತಾರೆ. ಅದಕ್ಕೇ, ಅವರಿಗಿಂತ ಮೊದಲು ನೀವು ವಸ್ತುವನ್ನು ಪರೀಕ್ಷೆ ಮಾಡಿಡಿ."

ಎಲ್ಲರೂ ಬರೆದುಕೊಳ್ಳುತ್ತಿದ್ದರು. ಬುದ್ಧಿಮಾತು ಸರಿಯಾಗಿತ್ತು. ಅದರ ಕೆಳಗೆ ಒಬ್ಬ ಹುಡುಗಿ ಸಿಕ್ಕಿಕೊಂಡಿದ್ದಳು.

ಒಂದು ಸಲ ತರಬೇತಿ ನಮ್ಮ ಶಾಲೆಯಲ್ಲೇ ಇತ್ತು. ಲೋಬೋ ಸರ್ ಹಿಂದೆ ಕೂತಿದ್ದರು. ಶಾಂಭವಿ ಎಂಬ ಧಾರವಾಡದ ಕಡೆಯ ಹೊಸ ಶಿಕ್ಷಕಿ ಎದ್ದು ಬಂದು ನನ್ನನ್ನು ತೆಗೆದುಕೊಂಡಳು. ಇಂಗ್ಲಿಷ್ ಬಿಟ್ಟು ತನ್ನ ಮಾತಿಗೇ ಇಳಿದಳು.

"ಇದನ್ನ ತಿಕ್ಕ್ಯಾರಲ್ರಿ ಮೇಡಮ್. ತಿಕ್ಕಿದಾಕಿನ್ನ ಕೇಳಿದ್ರೇನು?"

"ಕೇಳಿದೆ. ಏನೂ ಇರಲಿಲ್ಲ ಅಂದರು."

"ಎಲ್ಲೆ ನಿಂದರ್ಸಿ ಕೇಳಿದ್ರಿ?"

ಮಂದಾಕಿನಿ ಸೆರಗಿನ ತುದಿ ಹಿಂಡಿದರು. ಕೋಣೆ ಕಾಯಿತು. ಆಕೆ ಕಲಿಸಿದಂತೆಯೇ ಶಾಂಭವಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಸರ್ ರೂಮಿನಲ್ಲಿ" ಎಂದರು ಕೊನೆಗೆ. ಆಮೇಲೆ, "ಟೀ ಕುಡಿದು ಬರೋಣ" ಎಂದರು.

ನನ್ನನ್ನು ಕೈಯಲ್ಲಿ ಹಿಡಿದೇ ಹಿತ್ತಲಿಗೆ ನಡೆದರು. ಸಣ್ಣಮ್ಮ ಟೀ ಸೋಸುತ್ತಿದ್ದರು. ಮಂದಾಕಿನಿ ಮೆಟ್ಟಿಲ ಮೇಲೆ ಕುಳಿತರು.

"ಏಳಿ ಮಿಸ್ಸು, ಸೀರೆ ಕೊಳೆ ಆಯ್ತದೆ."

"ಆಗ್ಲಿ ಬಿಡಿ. ಅವತ್ತು ನಿಮ್ಮನ್ನ ಅಲ್ಲಿ ನಿಲ್ಲಿಸಿ ಕೇಳಿದ್ದು ಸರಿಯಾಗ್ಲಿಲ್ಲ ಸಣ್ಣಮ್ಮ. ಇವತ್ತು ಏನೂ ಕೇಳಕ್ಕೆ ಬಂದಿಲ್ಲ."

ಸಣ್ಣಮ್ಮ ಇನ್ನೊಂದು ಲೋಟಕ್ಕೆ ಟೀ ಬಗ್ಗಿಸಿದರು.

"ಆ ಮಗಾ ಹೇಳ್ನಿಲ್ವಾ ನಿಮ್ಗೆ?"

"ಇಲ್ಲ."

"ಯಾರ್ಗೂ?"

"ಯಾರಿಗೂ ಇಲ್ಲ."

ಸಣ್ಣಮ್ಮ ಸೋಸುವ ಬಟ್ಟೆಯನ್ನು ಕೆಳಗಿಟ್ಟರು. ಹೆಬ್ಬೆರಳು ತೋರುಬೆರಳುಗಳ ನಡುವೆ ಸ್ವಲ್ಪ ಜಾಗ ಬಿಟ್ಟು ತೋರಿಸಿದರು.

"ಇಷ್ಟ್ ಅರಗಿತ್ತು ಮಿಸ್ಸು. ಈ ಕೈಯಲ್ಲೇ ಎಬ್ಬಿ ಬಿಸಾಕ್ದೆ."

ಮಂದಾಕಿನಿಯ ಮಡಿಲಲ್ಲಿ ನಾನಿದ್ದೆ. ಅವರ ಬೆರಳುಗಳು ಬಿಗಿಯಾದವು. "ನಿಮ್ಮ ಹೆಸರು ಬರಲ್ಲ" ಎಂದರು. ಎದ್ದರು. ಟೀ ಮುಟ್ಟಿರಲಿಲ್ಲ.

ಒಳಗೆ ಬಂದು ನಿಂತು ಹೇಳಿದರು: "ಟೀಗೆ ಮೊದಲು ನಾನು ಹೇಳಿದ ಕಥೆ ತಪ್ಪು. ಪದರ ಇತ್ತು. ಆ ಹುಡುಗಿ ಸರಿಯಾಗಿ ಕಂಡಿದ್ದಳು. ನಾನು ಹೊಳೆಯುವ ತಳವನ್ನು ನಂಬಿದೆ."

"ಹೇಗೆ ಗೊತ್ತಾಯ್ತು?" ಎಂದು ಯಾರೋ ಕೇಳಿದರು.

"ನೋಡಿದವರು ಒಬ್ಬರಿದ್ದಾರೆ."

"ಯಾರು?"

"ಹೇಳುವುದಿಲ್ಲ."

ಮುಂದಿನ ಸಾಲಿನಲ್ಲಿ ಒಬ್ಬ ತನ್ನ ಪೆನ್ನನ್ನು ಮುಚ್ಚಿಟ್ಟ. ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಲೋಬೋ ಸರ್, "ಹಾಗಾದ್ರೆ ನಾವು ನಂಬುದು ಹೇಗೆ ಮಂದಾಕಿನಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಂಬಲೇಬೇಕು ಅಂತ ಇಲ್ಲ ಸರ್. ಅವಳ ವರದಿಯಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದೆ. ಅದನ್ನು ತುಂಬಿ ಕಳಿಸ್ತೀನಿ. ಕೆಳಗೆ ನನ್ನ ಸಹಿ ಇರುತ್ತೆ."

ಶಾಂಭವಿ ಒಬ್ಬಳು ತಲೆಯಾಡಿಸಿದಳು. ಉಳಿದವರು ಬರೆದುಕೊಳ್ಳಲಿಲ್ಲ. ಅನುಭವವಿರುವ ಶಿಕ್ಷಕಿ ಯಾಕೆ ಹೀಗೆ ಆಡುತ್ತಾಳೆ, ಏನನ್ನು ಮುಚ್ಚಿಡುತ್ತಿದ್ದಾಳೆ ಎಂದು ಹೊರಗೆ ಹೋಗುವಾಗ ಮಾತಾಡಿಕೊಂಡರು. ನನಗೆ ಅವರನ್ನು ದೂರಲಾಗಲಿಲ್ಲ.

ಕೋಣೆ ಖಾಲಿಯಾದ ಮೇಲೆ ಮಂದಾಕಿನಿ ಮೊಬೈಲ್ ತೆಗೆದು ನೀಮಾಳಿಗೆ ಬರೆದರು. ಬರೆಯುವಾಗ, ಓದುವಾಗ ಮೆಲ್ಲಗೆ ಬಾಯಿಬಿಟ್ಟು ಹೇಳಿಕೊಳ್ಳುವುದು ಆಕೆಗೆ ಅಭ್ಯಾಸ. ನೀನು ಕಂಡದ್ದು ಅಲ್ಲಿತ್ತು, ನಾನು ನಿನ್ನನ್ನು ನಂಬಲಿಲ್ಲ. ಅಷ್ಟೇ. ಕಾರಣಗಳನ್ನು ಬರೆದು ಅಳಿಸಿದರು.

ಕಿಟಕಿ ಹಾಕುವಾಗ ಉತ್ತರ ಬಂತು.

"ಅವರ ಹೆಸರು ಯಾರಿಗಾದರೂ ಹೇಳಿದಿರಾ, ಮಿಸ್?"

"ಇಲ್ಲ."

"ಹಾಗಾದರೆ ಸರಿ."

ಮತ್ತೇನೂ ಬರಲಿಲ್ಲ.

ಈಗ ನಾನು ಕಪಾಟಿನ ಮೇಲಿನ ಅರೆಯಲ್ಲಿದ್ದೇನೆ. ತರಬೇತಿಗೆ ಮಂದಾಕಿನಿಯನ್ನು ಮೊದಲಿನಷ್ಟು ಕರೆಯುವುದಿಲ್ಲ. ಆಕೆಯೂ ಕೇಳುವುದಿಲ್ಲ. ನನ್ನ ಮೈ ಮತ್ತೆ ಮಂಕಾಗುತ್ತಿದೆ. ನೀಮಾ ಸರಿ ಎಂದದ್ದು ಕ್ಷಮೆಯೋ, ಅಲ್ಲವೋ, ನಾನು ಬಹಳ ಯೋಚಿಸಿದ್ದೇನೆ. ಅಕ್ಕಿಯಾಗಿದ್ದರೆ ಅಳೆದು ಹೇಳುತ್ತಿದ್ದೆ. ಎಂದಾದರೂ ಯಾರೋ ಅವಳ ಹಳೆಯ ವರದಿ ತೆರೆದು, ತಡವಾಗಿ ತುಂಬಿದ ಆ ಜಾಗದ ಮೇಲೆ ಬೆರಳಿಟ್ಟು ಇದೇಕೆ ಹೀಗೆ ಎಂದು ಕೇಳಿಯೇ ಕೇಳುತ್ತಾರೆ. ಅವಳು ಆಗಲೂ ಹೇಳುವುದಿಲ್ಲ. ಅಷ್ಟನ್ನು ಮಾತ್ರ ನಾನು ನಂಬುತ್ತೇನೆ.